ಯಾವ ಆಯ್ತು?

ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರು ಒಬ್ಬರೇ, ಅದೂ ತಿಂಗಳಿಗೊಮ್ಮೆ. ಉಳಿದಂತೆ ಲಾಂಡ್ರಿಯ ಗೇಟಿನಿಂದ ಹಿತ್ತಲಿನ ನೀರಿನ ತೊಟ್ಟಿಯವರೆಗೆ ಎಲ್ಲರ ಬಾಯಲ್ಲೂ ಅವನು ಆಯ್ತಪ್ಪ. ಎದುರಿಗೆ ಬಂದಾಗ ಮಾತ್ರ ‘ಸೂಪರ್‌ವೈಸರ್ ಸಾರ್’. ಯಾರು ಏನು ಹೇಳಿದರೂ ಮಾತು ಮುಗಿಯುವ ಮೊದಲೇ ‘ಆಯ್ತು’ ಎನ್ನುವವನಿಗೆ ಇನ್ನೇನು ಹೆಸರಿಟ್ಟಾರು? ಹುಡುಗಿ ನೋಡಲು ಹೋದ ದಿನವೂ ಹಾಗೆಯೇ. ಮಾವನಾಗುವವರು “ನಮ್ಮ ಹುಡುಗಿ...” ಎಂದು ಶುರು ಮಾಡಿದ್ದರಷ್ಟೆ, ಇವನು ‘ಆಯ್ತು’ ಅಂದುಬಿಟ್ಟಿದ್ದ. ಅಲ್ಲೇ ಕೆಲಸಕ್ಕಿದ್ದ ಅವನ ಹೆಂಡತಿ ಇದನ್ನು ಇಸ್ತ್ರಿ ಮಾಡುವ ಹಾಲಿನಲ್ಲಿ ಹೇಳಿ ಹೇಳಿ ನಗಿಸುತ್ತಿದ್ದಳು. “ನನ್ನ ಮುಖ ನೋಡಿ ಒಪ್ಪಿದ್ರೋ, ನಮ್ಮಪ್ಪನ ಮೀಸೆ ನೋಡಿ ಒಪ್ಪಿದ್ರೋ, ಇವತ್ತಿಗೂ ಗೊತ್ತಿಲ್ಲ ಕಣ್ರೇ.”

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿ ಅಂದುಕೊಳ್ಳಬೇಡಿ. ಊರಿನ ದೊಡ್ಡ ಆಸ್ಪತ್ರೆಗಳು, ಹೋಟೆಲುಗಳು, ರೈಲಿನ ಮಲಗುವ ಡಬ್ಬಿಗಳು, ಇವೆಲ್ಲದರ ಹಾಸಿಗೆ ಬಟ್ಟೆ ಅಲ್ಲಿಗೇ ಬರಬೇಕು. ಒಂದು ಬಾಗಿಲಲ್ಲಿ ರಕ್ತ, ಬೆವರು, ಚಹಾದ ಕಲೆ ಹೊತ್ತು ಬಂದದ್ದು ಇನ್ನೊಂದು ಬಾಗಿಲಲ್ಲಿ ಗರಿಗರಿ ಮಡಿಕೆಯಾಗಿ ಲಾರಿ ಹತ್ತಬೇಕು. ಊರಿನ ಅರ್ಧ ಜನ ಹುಟ್ಟುವುದೂ ನಮ್ಮ ಬಟ್ಟೆಯ ಮೇಲೇ, ಸಾಯುವುದೂ ನಮ್ಮ ಬಟ್ಟೆಯ ಮೇಲೇ ಎಂದು ಅಲ್ಲಿ ಚಹಾ ಹಂಚುವ ಟೀ ಅಕ್ಕ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಇಷ್ಟಕ್ಕೂ ಬೇಕಾದದ್ದು ಹಬೆ. ಹಬೆ ಬರುತ್ತಿದ್ದದ್ದು ಬಾಯ್ಲರಿನಿಂದ. ಬಾಯ್ಲರ್ ಮನೆಗೂ ಇಸ್ತ್ರಿ ಹಾಲಿಗೂ ನಡುವೆ ಒಂದೇ ಒಂದು ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು, ಹಬೆಯ ಬಿಸಿಯಲ್ಲಿ ಬಟ್ಟೆ ಒತ್ತುವ ಮೊದಲನೆಯ ರೋಲರಿನ ಮುಂದೆ ನಿಲ್ಲುತ್ತಿದ್ದವಳು ಆಯ್ತಪ್ಪನ ಹೆಂಡತಿ. ಚಳಿಗಾಲದಲ್ಲಿ ಆ ಜಾಗಕ್ಕೆ ಹೆಂಗಸರಲ್ಲಿ ಜಗಳವೇ ಆಗುತ್ತಿತ್ತು, ಗೋಡೆ ಬೆಚ್ಚಗಿರುತ್ತದೆಂದು. ಗಂಡನ ಕೈಲಿ ಹೇಳಿಸಿ ಅದನ್ನು ಗಿಟ್ಟಿಸಿಕೊಂಡಳೆಂದು ಹಾಲಿನವರು ಆಡಿಕೊಂಡರು. ಅವಳು ಕೇಳಿರಲಿಲ್ಲ, ಅವನಾಗಿಯೇ ಕೊಡಿಸಿದ್ದ. ತಾನು ಸೂಪರ್‌ವೈಸರ್ ಆದದ್ದಕ್ಕೆ ಹೆಂಡತಿಗೆ ಇಷ್ಟಾದರೂ ಬೇಡವೇ ಎಂದು.

ಅವನು ಅಲ್ಲಿಗೆ ಬಂದಾಗ ಕೊಳೆ ಬಟ್ಟೆಯ ತಳ್ಳುಗಾಡಿ ನೂಕುವ ಕೆಲಸ. ಆಗ ಹಳೇ ಯಜಮಾನರ ಕಾಲ. ಯಜಮಾನರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು, ಸಾಬೂನಿನ ಡಬ್ಬವಾದರೂ ಸರಿ, ಟೆಲಿಫೋನ್ ಆದರೂ ಸರಿ. ಆದರೆ ಜನ ಹೆದರಿದ್ದು ಅದಕ್ಕಲ್ಲ. ಒಂದು ದಿನ ಫಿಟ್ಟರ್ ಒಬ್ಬ, ಒಳ್ಳೆಯ ಕೆಲಸಗಾರ, ಎಲ್ಲರೆದುರಿಗೆ “ಇದು ಆಗೋದಿಲ್ಲ ಯಜಮಾನ್ರೇ” ಅಂದುಬಿಟ್ಟ. ಯಜಮಾನರು ಅಂದು ಏನನ್ನೂ ಎಸೆಯಲಿಲ್ಲ. ನಕ್ಕರು. “ಹಾಗಾದ್ರೆ ನಿನಗೂ ಇಲ್ಲಿ ಆಗೋದಿಲ್ಲಪ್ಪ” ಅಂದರು. ಫಿಟ್ಟರ್ ಸಂಜೆಯೊಳಗೆ ಗೇಟಿನಾಚೆ. ಹೋದವನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ, ಐಸ್ ಕಾರ್ಖಾನೆಯಲ್ಲಿ ಸಿಗಲಿಲ್ಲ, ಬಣ್ಣದ ಗಿರಣಿಯಲ್ಲೂ ಸಿಗಲಿಲ್ಲ. ಆ ಮಾಲೀಕರೆಲ್ಲ ಸಂಜೆ ಒಂದೇ ಕ್ಲಬ್ಬಿನಲ್ಲಿ ಇಸ್ಪೀಟು ಆಡುವವರು, ಒಬ್ಬರ ಭಾವ ಇನ್ನೊಬ್ಬರ ಪಾಲುದಾರ. ಯಜಮಾನರು ಫೋನು ಎತ್ತಿ ಹೇಳುವ ಅಗತ್ಯವೂ ಇರಲಿಲ್ಲ. ಮುಂದೆ ಆ ಫಿಟ್ಟರ್ ಬಸ್ ನಿಲ್ದಾಣದಲ್ಲಿ ಬಾಚಣಿಗೆ ಮಾರುತ್ತಿದ್ದುದನ್ನು ಆಯ್ತಪ್ಪ ಕಣ್ಣಾರೆ ಕಂಡ. ಕಂಡವನು ಇನ್ನೊಂದು ಬಾಗಿಲಿಂದ ಬಸ್ಸು ಹತ್ತಿದ.

ಅಂದಿನಿಂದ ಲಾಂಡ್ರಿಯಲ್ಲಿ ‘ಇಲ್ಲ’, ‘ಆಗಲ್ಲ’ ಎಂಬ ಮಾತುಗಳು ಸತ್ತೇ ಹೋದವು. ಉಳಿದದ್ದು ‘ಆಯ್ತು’ ಒಂದೇ. ಹಾಗೆಂದು ಜನ ಕೆಲಸ ಮಾಡಬೇಕಲ್ಲ, ಒಬ್ಬರಿಗೊಬ್ಬರು ನಿಜ ತಿಳಿಸಬೇಕಲ್ಲ? ಆ ಒಂದೇ ಮಾತನ್ನು ಮೂರಾಗಿ ಸೀಳಿಕೊಂಡರು. ಕತ್ತರಿಸಿದ ಹಾಗೆ ಗಕ್ಕನೆ ‘ಆಯ್ತು’ ಅಂದರೆ ಕೆಲಸ ಮುಗಿದಿದೆ. ‘ಆಯ್ತೂ’ ಎಂದು ಬಾಲ ಎಳೆದರೆ, ಮಾಡುತ್ತೇನೆ, ಯಾವಾಗ ಅಂತ ಕೇಳಬೇಡಿ. ‘ಆಯ್ತಾಯ್ತು’ ಎಂದು ಅವಸರದಲ್ಲಿ ಎರಡು ಸಲ ಅಂದರೆ, ಇದು ಆಗುವ ಮಾತಲ್ಲ, ಹಾಗನ್ನುವ ಧೈರ್ಯ ನನಗಿಲ್ಲ. ಹೊಸದಾಗಿ ಸೇರಿದವರಿಗೆ ಇದನ್ನು ಯಾರೂ ಕೂರಿಸಿ ಕಲಿಸುತ್ತಿರಲಿಲ್ಲ. ಅಲ್ಲಿ ಸೇರುತ್ತಿದ್ದವರೆಲ್ಲ ಒಬ್ಬರ ನಾದಿನಿ, ಇನ್ನೊಬ್ಬರ ಚಿಕ್ಕಮ್ಮನ ಮಗಳು, ಮತ್ತೊಬ್ಬರ ಷಡ್ಡಕ. ಮನೆಯಿಂದಲೇ ಕಲಿತು ಬರುತ್ತಿದ್ದರು. ಇಲ್ಲಿ ಬಿಟ್ಟು ಬೇರೆ ಕಾರ್ಖಾನೆಗೆ ಹೋದವರು ಅದನ್ನು ಅಲ್ಲಿಗೂ ಹೊತ್ತೊಯ್ದರು. ಐಸ್ ಕಾರ್ಖಾನೆಯಲ್ಲೂ ಈಗ ಮೂರು ಆಯ್ತು ಇವೆಯಂತೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟೇ ಗುಡುಗಿದರೂ ಹಳೇ ಯಜಮಾನರು ಮೂರರಲ್ಲಿ ಒಂದು ಆಯ್ತನ್ನೂ ನಂಬುತ್ತಿರಲಿಲ್ಲ. ತಾವೇ ಪ್ಯಾಂಟು ಮಡಚಿಕೊಂಡು ಕೆಳಗಿಳಿದು ಕೈಯಿಟ್ಟು ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೈ ಹೋಯಿತು. ಅವರ ಭಯ ಮಾತ್ರ ಎಲ್ಲೂ ಹೋಗಲಿಲ್ಲ, ಸಂಬಳವಿಲ್ಲದೆ ದುಡಿಯುತ್ತ ಅಲ್ಲೇ ಉಳಿಯಿತು.

ಆಮೇಲೆ ಲಾಂಡ್ರಿ ನಡೆಸಲು ಬಂದವರು ಮೇಡಂ. ಬೇರೆ ಊರಿನವರು, ಓದಿದವರು, ದನಿ ಎತ್ತುತ್ತಿರಲಿಲ್ಲ. ಹೇಳಿದ ಕೆಲಸ ಆದರೆ ‘ಥ್ಯಾಂಕ್ಸ್’ ಅನ್ನುತ್ತಿದ್ದರು. ಇದರಿಂದ ಆಯ್ತಪ್ಪನ ಭಯ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಬೈಯುವವರಾದರೆ ಎಲ್ಲಿ ನಿಂತಿದ್ದೇವೆಂದು ಗೊತ್ತಾಗುತ್ತದೆ. ನಗುವವರ ಮುಂದೆ ಅವನಿಗೆ ಆ ಫಿಟ್ಟರೇ ನೆನಪಾಗುತ್ತಿದ್ದ. ಯಾರಾದರೂ ‘ಆಯ್ತು’ ಅಂದರೆ ಮೇಡಂ ಆಯಿತೆಂದೇ ನಂಬುತ್ತಿದ್ದರು. ಅವರ ಕಿವಿಗೆ ಮೂರೂ ಒಂದೇ.

ಆ ದಿನ ಬೆಳಗಿನ ಮೀಟಿಂಗಿನಲ್ಲಿ ಮೇಡಂ ಹೊಸ ಸುದ್ದಿ ಹೇಳಿದರು. ಇನ್ನೆರಡು ಆಸ್ಪತ್ರೆಗಳು ನಮಗೆ ಸಿಕ್ಕಿವೆ, ಇವತ್ತಿನಿಂದಲೇ ಅವರ ಬಟ್ಟೆ ಬರುತ್ತದೆ, ರೋಲರುಗಳು ಜೋರಾಗಿ ಓಡಬೇಕು, ಬಾಯ್ಲರಿನ ಪ್ರೆಶರ್ ಏರಿಸಬೇಕು. ಟೀ ಅಕ್ಕ ಮೂಲೆಯಲ್ಲಿ ಕಪ್ಪುಗಳಿಗೆ ಬಗ್ಗಿಸುತ್ತಿದ್ದಳು.

“ಏರಿಸೋ ಮುಂಚೆ ಸೇಫ್ಟಿ ವಾಲ್ವ್ ನೋಡಿ ಅಂತ ಹೋದ ವಾರವೇ ಹೇಳಿದ್ದೆ ಅಲ್ವಾ? ಅದು ಆಯ್ತಾ?” ಎಂದು ಆಯ್ತಪ್ಪನ ಕಡೆ ತಿರುಗಿದರು.

“ಆಯ್ತೂ ಮೇಡಂ” ಅಂದ.

“ಥ್ಯಾಂಕ್ಸ್. ಹಾಗಾದ್ರೆ ಏರಿಸೋಕೆ ಹೇಳಿಬಿಡಿ.”

ಟೀ ಅಕ್ಕನ ಕೈಯಲ್ಲಿದ್ದ ಕೆಟಲ್ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಯ್ತಪ್ಪನಿಗೆ ತನ್ನ ಬಾಯಿಂದ ಬಿದ್ದ ಬಾಲ ತನಗೇ ಕೇಳಿಸಿತು. ಈಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಲಾರಿಗಳ ಮಾತಿಗೆ ಹೋಗಿದ್ದರು. ಬಾಯಿ ಮುಚ್ಚಿದ.

ಸೇಫ್ಟಿ ವಾಲ್ವ್ ಎಂದರೆ ಬಾಯ್ಲರಿನ ತಲೆಯ ಮೇಲಿರುವ ಒಂದು ಕಂಚಿನ ಗುಬುಟು. ಒಳಗೆ ಹಬೆ ಮಿತಿ ಮೀರಿದರೆ ಅದು ತಾನಾಗಿ ತೆರೆದು ಹೊರಗೆ ಬಿಡಬೇಕು. ಬಿಡದಿದ್ದರೆ ಬಾಯ್ಲರ್ ಒಡೆಯುತ್ತದೆ. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅದರ ಹಿಡಿಗೆ ಕಟ್ಟಿದ ತಂತಿಯನ್ನು ಎಳೆಯಬೇಕು, ಭುಸ್ಸೆಂದು ಹಬೆ ಹಾರಬೇಕು. ಹಾರಿದರೆ ಅತ್ತ ರೋಲರುಗಳು ತಣ್ಣಗಾಗುತ್ತವೆ, ಒಂದೊಂದು ಸಲ ಗುಬುಟು ಮತ್ತೆ ಸರಿಯಾಗಿ ಕೂರದೆ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಅದಕ್ಕೇ ಆ ಕೆಲಸ ಯಾವಾಗಲೂ ನಾಳೆಗೆ. ಮೇಡಂ ಹೋದ ವಾರ ಹೇಳಿದ್ದನ್ನು ಆಯ್ತಪ್ಪ ಅಂದೇ ಬಾಯ್ಲರ್ ಮಾವನಿಗೆ ದಾಟಿಸಿದ್ದ. ಮಾವ ಎಂದರೆ ಯಾರ ಮಾವನೂ ಅಲ್ಲ, ಎಲ್ಲರಿಗಿಂತ ಹಳಬ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಮಾವ ‘ಆಯ್ತು ಸಾರ್’ ಅಂದಿದ್ದ. ಯಾವ ಆಯ್ತು ಎಂದು ಆಯ್ತಪ್ಪ ಕಿವಿಗೊಟ್ಟಿರಲಿಲ್ಲ. ಕಿವಿಗೊಟ್ಟರೆ ಗೊತ್ತಾಗುತ್ತಿತ್ತು, ಗೊತ್ತಾದರೆ ಅದನ್ನು ಮೇಲೆ ಹೊತ್ತೊಯ್ದು ಹೇಳಬೇಕಾಗುತ್ತಿತ್ತು.

ಮೀಟಿಂಗ್ ಮುಗಿದದ್ದೇ ಬಾಯ್ಲರ್ ಮನೆಗೆ ಓಡಿದ. ಅಷ್ಟರಲ್ಲಿ ಮೇಡಂ ತಾವೇ ಫೋನಿನಲ್ಲಿ ಮಾವನಿಗೆ ಹೇಳಿಬಿಟ್ಟಿದ್ದರು. ಮಾವ ಆಗಲೇ ಉರಿ ಹೆಚ್ಚಿಸಿ ಗಡಿಯಾರದಂಥ ಮಾಪಕದ ಮುಂದೆ ನಿಂತಿದ್ದ. ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು.

“ಮಾವ, ವಾಲ್ವ್ ನೋಡೋಕೆ ಹೇಳಿದ್ನಲ್ಲ, ಆಯ್ತಾ?”

“ಆಯ್ತು ಸಾರ್.”

ಈ ಸಲ ಆಯ್ತಪ್ಪ ಮೈಯೆಲ್ಲ ಕಿವಿಯಾಗಿ ಕೇಳಿದ. ಗಕ್ಕನೆಯೂ ಅಲ್ಲ, ಬಾಲವೂ ಇಲ್ಲ. ಉರಿಯ ಭೋರ್ಗರೆತದಲ್ಲಿ ಏನೂ ತಿಳಿಯಲಿಲ್ಲ.

“ಆಯ್ತು ಅಂದ್ರೆ? ಮಾಡಿದ್ರಾ, ಇನ್ನು ಮಾಡ್ತೀರಾ?”

ಮಾವ ಅವನ ಮುಖವನ್ನೇ ನೋಡಿದ. ಸೂಪರ್‌ವೈಸರಿಗೆ ಯಾವ ಉತ್ತರ ಬೇಕು ಎಂದು ಅಲ್ಲಿ ಹುಡುಕುತ್ತಿದ್ದ. ಸಿಗಲಿಲ್ಲವೆಂದು ಕಾಣುತ್ತದೆ, ಕಣ್ಣು ಕೆಳಗೆ ಹಾಕಿದ.

“ನೀವು ಹೇಗಂದ್ರೆ ಹಾಗೆ ಸಾರ್.”

ಆಯ್ತಪ್ಪನಿಗೆ ಮಾವನ ಭುಜ ಹಿಡಿದು ಅಲುಗಾಡಿಸಿ ನಿಜ ಹೇಳು ಅನ್ನಬೇಕೆನಿಸಿತು. ಆದರೆ ನಿಜ ಹೇಳುವ ಮಾವನನ್ನು ಅವನೇ ಹೊಸಕಿ ಹಾಕಿದ್ದ. ಹಿಂದಿನ ವರ್ಷ ಇದೇ ಮಾವ “ಇವತ್ತು ತಂತಿ ಎಳೀಲೇಬೇಕು ಸಾರ್, ಇಲ್ಲಾಂದ್ರೆ ನಾನು ಗ್ಯಾರಂಟಿ ಕೊಡಲ್ಲ” ಅಂದಾಗ ಇವನು ಎಲ್ಲರೆದುರು “ಗ್ಯಾರಂಟಿ ಯಾರ್ರೀ ಕೇಳಿದ್ರು ನಿಮ್ಮನ್ನ?” ಎಂದು ಹಾರಾಡಿ, ಮುದುಕನನ್ನು ರಕ್ತದ ಬಟ್ಟೆ ಬೇರೆ ಮಾಡುವ ಕಡೆ ಹಾಕಿದ್ದ. ತಿರುಗಿ ಬಂದ ಮಾವನ ಬಾಯಲ್ಲಿ ಆಮೇಲೆ ಉಳಿದದ್ದು ಈ ಒಂದೇ ಮಾತು.

ತಂತಿಯ ತುದಿ ಅಲ್ಲೇ ಗೋಡೆಯ ಮೊಳೆಗೆ ಸುತ್ತಿಕೊಂಡು ನೇತಾಡುತ್ತಿತ್ತು. ಆಯ್ತಪ್ಪ ಅದನ್ನು ಹಿಡಿದ. ಎಳೆದರೆ ಹಬೆ ಹಾರುತ್ತದೆ, ಹೊಸ ಆಸ್ಪತ್ರೆಗಳ ಮೊದಲ ದಿನವೇ ಕೆಲಸ ನಿಲ್ಲುತ್ತದೆ, ಮೇಡಂ ಬಂದು ನಗುನಗುತ್ತ ಕೇಳುತ್ತಾರೆ. ಹಬೆ ಹಾರದಿದ್ದರೆ? ಅದನ್ನು ಯೋಚಿಸುವ ಮೊದಲೇ ಕೈ ತಂತಿಯನ್ನು ಬಿಟ್ಟಿತ್ತು. ಮುಳ್ಳು ಇನ್ನೊಂದಿಷ್ಟು ಮೇಲೆ ಹೋಗಿತ್ತು.

ಆಮೇಲಿನ ಹೊತ್ತನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಒಗೆಯುವ ಯಂತ್ರದ ಮುಚ್ಚಳ ಧಡ್ಡೆಂದರೆ ಜೀವ ಬಾಯಿಗೆ ಬರುತ್ತಿತ್ತು. ಪೈಪಿನಲ್ಲಿ ನೀರು ಕುಟ್ಟಿದರೆ ಗೋಡೆಗೆ ಆತುಕೊಂಡು ನಿಲ್ಲುತ್ತಿದ್ದ. ಇಸ್ತ್ರಿ ಹಾಲಿನ ಬಾಗಿಲಲ್ಲಿ ನಿಂತು ಹೆಂಡತಿಯ ಬೆನ್ನು ನೋಡುತ್ತಿದ್ದ. ಅವಳು ರೋಲರಿನೊಳಗೆ ಒದ್ದೆ ಬಟ್ಟೆ ಕೊಡುತ್ತ, ಎದುರಿನವಳ ಜೊತೆ ಏನೋ ಹೇಳಿ ನಗುತ್ತಿದ್ದಳು. ಹಿಂದಿನ ಗೋಡೆಯ ಸುಣ್ಣ ಬಿಸಿಗೆ ಅಲ್ಲಲ್ಲಿ ಎದ್ದಿತ್ತು. ದಿನಾ ಹಾಗೇ ಇರುತ್ತದೋ ಇವತ್ತು ಹೆಚ್ಚೋ, ನೆನಪಾಗಲಿಲ್ಲ. ಬೆಚ್ಚಗಿರಲಿ ಎಂದು ತಾನೇ ಕೊಡಿಸಿದ ಜಾಗ ಅದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳನ್ನು ಬಟ್ಟೆ ಮೂಟೆಗಳ ಸಂದಿಗೆ ಕರೆದ.

“ನೀನು ಮನೆಗೆ ಹೋಗು.”

“ಯಾಕೆ? ಏನಾಯ್ತು?”

“ಏನಿಲ್ಲ, ಸುಮ್ನೆ. ತಲೆನೋವು ಅಂತ ಹೇಳಿ ಹೋಗು.”

“ತಲೆನೋವು ಬಂದಿರೋದು ನಿಮಗೆ. ಮುಖ ನೋಡಿ, ಬಿಳಿಚಿಕೊಂಡಿದೆ. ನಾನ್ಯಾಕ್ರೀ ಹೋಗ್ಲಿ?”

“ಹೇಳಿದಷ್ಟು ಕೇಳೇ ಮಾರಾಯ್ತಿ! ಆ ಗೋಡೆ ಹತ್ರ ಇವತ್ತು ನಿಲ್ಲಬೇಡ.” ಆಚೆ ಈಚೆ ನೋಡಿ ದನಿ ತಗ್ಗಿಸಿದ. “ವಾಲ್ವ್ ನೋಡಿದಾರೋ ಇಲ್ವೋ ಗೊತ್ತಿಲ್ಲ. ನಾನು ಮೇಲೆ ಆಯ್ತು ಅಂದ್ಬಿಟ್ಟಿದೀನಿ.”

ಅವಳು ಕೋಪವನ್ನಾದರೂ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದ, ಅದೂ ಇಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಚಿಕೊಂಡು ಹೋದಳು. ಸದ್ಯ, ಹೋದಳಲ್ಲ ಎಂದು ಅವನು ಉಸಿರು ಬಿಟ್ಟ. ಆ ಹಾಲಿನಲ್ಲಿ ಅವಳೊಬ್ಬಳೇ ಇರಲಿಲ್ಲ ಎಂಬುದು ಆ ಉಸಿರಿನಲ್ಲಿ ಅವನಿಗೆ ನೆನಪಾಗಲಿಲ್ಲ.

ಗೇಟಿನ ಹತ್ತಿರ ಹೋಗಿ, ಅವಳು ಹೊರಗೆ ಹೋಗುವುದನ್ನು ನೋಡಬೇಕೆಂದು ಕಣ್ಣಲ್ಲಿ ಕಣ್ಣಿಟ್ಟು ನಿಂತ. ಅವಳು ಬರಲಿಲ್ಲ. ಬಿಡುವು ಮುಗಿಯಿತು, ರೋಲರುಗಳು ಮತ್ತೆ ಗುಂಯ್‌ಗುಡತೊಡಗಿದವು. ಅವಳು ಬರಲಿಲ್ಲ. ಆಮೇಲೆ ಗುಂಯ್ ಎನ್ನುವುದು ಒಂದೊಂದಾಗಿ ನಿಂತಿತು.

ಆದದ್ದು ಇಷ್ಟು. ಹೆಂಡತಿ ಸೀದಾ ಹೋದದ್ದು ಟೀ ಅಕ್ಕನ ಬಳಿಗೆ. ಬೆಳಿಗ್ಗೆ ಮೀಟಿಂಗಿನಲ್ಲಿ ಆ ಬಾಲವನ್ನು ಟೀ ಅಕ್ಕನೂ ಕೇಳಿದ್ದಳು. ಕೆಟಲ್ ಎತ್ತಿಕೊಂಡು ಇಸ್ತ್ರಿ ಹಾಲಿನೊಳಗೆ ಒಂದು ಸುತ್ತು ಬಂದಳು. ಓರಗಿತ್ತಿಯಿಂದ ಓರಗಿತ್ತಿಗೆ, ಅತ್ತೆಯಿಂದ ಸೊಸೆಗೆ, ನಾದಿನಿಯಿಂದ ಅತ್ತಿಗೆಗೆ ಮಾತು ದಾಟಿತು. ಮೇಡಂ ಒಂದು ಆರ್ಡರ್ ಹೊರಡಿಸಿದರೆ ಹಾಲಿನ ಆ ತುದಿ ಮುಟ್ಟಲು ದಿನವಿಡೀ ಬೇಕಾಗುತ್ತಿತ್ತು. ಇದು ಕಪ್ಪಿನಲ್ಲಿ ಚಹಾ ಆರುವ ಮೊದಲೇ ಮುಟ್ಟಿತು. ಒಬ್ಬೊಬ್ಬರಾಗಿ ಎಲ್ಲರಿಗೂ ತಲೆನೋವು ಬಂತು. ಹಾಲಿಗೆ ಹಾಲೇ ಹಣೆ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತಿತು. ಕೊನೆಗೆ ಬಂದವಳು ಆಯ್ತಪ್ಪನ ಹೆಂಡತಿ. ಬಂದು ಗೇಟಿನ ಕಡೆ ಹೋಗಲಿಲ್ಲ, ಉಳಿದವರ ನಡುವೆ ನಿಂತಳು.

ರೋಲರುಗಳು ನಿಂತದ್ದರಿಂದ ಹಬೆ ಎಳೆಯುವವರಿಲ್ಲದೆ ಮುಳ್ಳು ಇನ್ನೂ ಬೇಗ ಏರುತ್ತದೆ ಎಂಬುದು ಆಯ್ತಪ್ಪನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಮೇಡಂ ಮೆಟ್ಟಿಲು ಇಳಿದು ಬಂದರು.

“ಏನಾಯ್ತು? ಎಲ್ಲರೂ ಯಾಕೆ ಹೊರಗಿದೀರಿ?”

“ತಲೆನೋವು ಮೇಡಂ” ಎಂದು ಮುಂದಿನ ಸಾಲಿನವಳೊಬ್ಬಳು ಹೇಳಿದಳು. ಯಾರೋ ಕಿಸಕ್ಕೆಂದರು, ತಕ್ಷಣ ಸುಮ್ಮನಾದರು. ಆಮೇಲೆ ಎಲ್ಲ ಕಣ್ಣುಗಳೂ ಆಯ್ತಪ್ಪನ ಕಡೆ ತಿರುಗಿದವು. ಅವನ ಹೆಂಡತಿ ಮಾತ್ರ ನೆಲ ನೋಡುತ್ತಿದ್ದಳು.

“ಸೂಪರ್‌ವೈಸರ್, ಏನಾಯ್ತು?”

ಅವನು “ಆ...” ಅಂದ. ಅಭ್ಯಾಸ ಎಂಥದ್ದು ನೋಡಿ, ಆಗಲೂ ಬಾಯಿ ಆ ಹಳೇ ಮಾತನ್ನೇ ಹುಡುಕುತ್ತಿತ್ತು. ಬಸ್ ನಿಲ್ದಾಣ ಕಣ್ಣೆದುರು ಬಂತು, ಬಾಚಣಿಗೆಯ ಕಟ್ಟು ಕಂಡಿತು.

“ಗೊತ್ತಿಲ್ಲ ಮೇಡಂ” ಅಂದ. “ವಾಲ್ವ್ ನೋಡಿದಾರೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಹೇಳ್ಬಿಟ್ಟೆ. ಪ್ರೆಶರ್ ಏರ್ತಾ ಇದೆ.”

ಮೇಡಂ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತಿದ್ದ ಮಾವನ ಕಡೆ ತಿರುಗಿ, “ನೋಡಿದೀರಾ?” ಅಂದರು. ಮಾವ ಆಯ್ತಪ್ಪನ ಕಡೆ ನೋಡಿದ. ಆಯ್ತಪ್ಪ ತಲೆಯಾಡಿಸಿ, “ಇದ್ದದ್ದು ಹೇಳಿ ಮಾವ, ನಿಮ್ಮ ದಮ್ಮಯ್ಯ” ಅಂದ.

“ಇಲ್ಲ” ಅಂದ ಮಾವ. ಆ ಮಾತನ್ನು ಅಲ್ಲಿ ಎಷ್ಟೋ ಜನ ಮೊದಲ ಸಲ ಕೇಳಿದ್ದರು. ಮಾವ ಒಳಗೆ ಹೋಗಿ ಉರಿ ಆರಿಸಿದ. ಆಮೇಲೆ ಬಾಗಿಲಿಂದಲೇ ಕೈ ಚಾಚಿ ತಂತಿ ಹಿಡಿದು ಎಳೆದ.

ಭುಸ್ಸೆನ್ನಬೇಕಿತ್ತು. ಏನೂ ಅನ್ನಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದ. ತಂತಿ ಬಿಗಿದು ನಿಂತಿತು ಅಷ್ಟೇ. ಆ ನಿಶ್ಶಬ್ದವನ್ನು ಆಯ್ತಪ್ಪ ಮುಂದೆಂದೂ ಮರೆಯಲಿಲ್ಲ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಿಂದೆ ಹಿಂದೆ ಸರಿದು ಗೇಟಿನಾಚೆ ರಸ್ತೆಗೆ ಹೋದರು. ಮಾವ ಒಗೆಯುವ ಕಡೆಯ ಪೈಪುಗಳನ್ನೆಲ್ಲ ತೆರೆದ. ಹಬೆ ಚಾವಣಿಯ ಮೇಲಿಂದ ಅರಚುತ್ತ ಹೊರಟಿತು. ಅದು ನಿಲ್ಲುವವರೆಗೆ ಆಯ್ತಪ್ಪ ಅಂಗಳದ ನಡುವೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡಿದ್ದ.

ಎಲ್ಲ ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ ನೋಡಿದರೆ ಒಳಗೆ ನೀರಿನ ಬಿಳಿ ಕಿಟ್ಟ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಆಸ್ಪತ್ರೆಗಳಿಗೆ ಬಟ್ಟೆ ಹೋಗಲಿಲ್ಲ, ಮರುದಿನದ ಆಪರೇಷನ್‌ಗಳು ಮುಂದಕ್ಕೆ ಬಿದ್ದವು. ಮೇಡಂ ಆಯ್ತಪ್ಪನನ್ನು ಕರೆದು ಕೂರಿಸಿದರು. ಬೈಯಲಿಲ್ಲ, ನಗಲೂ ಇಲ್ಲ.

“ಬೆಳಿಗ್ಗೆ ನಾನು ಕೇಳಿದಾಗ ಆಯ್ತು ಅಂದ್ರಲ್ಲ, ಹಾಗಂದ್ರೆ ಏನು?”

ಚಹಾ ತಂದಿದ್ದ ಟೀ ಅಕ್ಕನೇ ಹೇಳಿದಳು. “ಅದು ಎರಡನೇ ಆಯ್ತು ಮೇಡಂ. ನಿಮಗೆ ಯಾರೂ ಹೇಳಲಿಲ್ವಾ?”

ಇಲ್ಲ, ಯಾರೂ ಹೇಳಿರಲಿಲ್ಲ. ಮೇಡಂ ಅವಳನ್ನು ಕೂರಲು ಹೇಳಿ ಮೂರನ್ನೂ ಕೇಳಿ ತಿಳಿದುಕೊಂಡರು. ಇನ್ನು ಮೇಲೆ ‘ಮಾಡಿದೆ’ ಅಥವಾ ‘ಮಾಡಿಲ್ಲ’ ಎರಡೇ ಮಾತು, ‘ಮಾಡಿಲ್ಲ’ ಅಂದವರಿಗೆ ನಾನು ಏನೂ ಅನ್ನುವುದಿಲ್ಲ ಅಂದರು. ಆಯ್ತಪ್ಪನ ಕೆಲಸ ಹೋಗಲಿಲ್ಲ.

ಸಂಜೆ ಗಂಡ ಹೆಂಡತಿ ಮನೆಗೆ ಹೊರಟರು. ದಿನಾ ಒಟ್ಟಿಗೆ ನಡೆಯುವವಳು ಅಂದು ನಾಲ್ಕು ಹೆಜ್ಜೆ ಮುಂದಿದ್ದಳು. ಅವನು ಬೇಗ ಹೆಜ್ಜೆ ಹಾಕಿದರೆ ಅವಳೂ ಬೇಗ ಹಾಕಿದಳು. ಮನೆಯ ತಿರುವಿನಲ್ಲಿ ಮಾತ್ರ, ತಿರುಗಿ ನೋಡದೆ ಅಂದಳು.

“ನನ್ನೆದುರಿಗೆ ನಿಲ್ಲೋಳಿಗೆ ಎದೆಹಾಲು ಕುಡಿಯೋ ಮಗು ಇದೆ. ಅವಳಿಗೆ ತಲೆನೋವು ಬರೋದು ಬೇಡವಾಗಿತ್ತಾ?”

ಮನೆಗೆ ಬಂದು ಅವಳು ಅಡುಗೆ ಮಾಡಿದಳು, ತಟ್ಟೆ ಇಟ್ಟಳು, ಬಡಿಸಿದಳು. ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ನಿಶ್ಶಬ್ದ ಮಧ್ಯಾಹ್ನ ತಂತಿ ಎಳೆದಾಗಿನ ಹಾಗೇ ಇತ್ತು. ತಡೆಯಲಾರದೆ ಅಂದ.

“ತಪ್ಪಾಯ್ತು ಕಣೆ. ಇನ್ನೊಂದ್ಸಲ ಹಾಗೆ ಮಾಡಲ್ಲ.”

“ಆಯ್ತು” ಅಂದಳು.

ಅವನು ತುತ್ತು ಹಿಡಿದೇ ಕೇಳಿದ. ಗಕ್ಕನೆ ಕತ್ತರಿಸಿದ್ದಲ್ಲ, ಬಾಲ ಎಳೆದದ್ದಲ್ಲ, ಎರಡು ಸಲ ಅಂದದ್ದೂ ಅಲ್ಲ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಇಂಥದ್ದನ್ನು ಕೇಳಿರಲಿಲ್ಲ.

“ಆಯ್ತು ಅಂದ್ರೆ? ಕೋಪ ಹೋಯ್ತು ಅಂತಾನಾ, ಇಲ್ಲಾ ಸುಮ್ನೆ ಅಂದ್ಯಾ?”

ಅವಳು ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ಅವನ ಮುಖ ಒಮ್ಮೆ ನೋಡಿ, ಕಣ್ಣು ಕೆಳಗೆ ಹಾಕಿದಳು.

“ನೀವು ಹೇಗಂದ್ರೆ ಹಾಗೆ.”

ತುತ್ತು ಬಾಯಿಗೆ ಹೋಗಲಿಲ್ಲ. ಆಯ್ತಪ್ಪ ತಟ್ಟೆಯಲ್ಲೇ ಕೈಯಿಟ್ಟುಕೊಂಡು ಕೂತ. ಇನ್ನೊಂದು ಮಾತು ಕೇಳಲು ಅವನಿಗೆ ಭಯವಾಯಿತು.